ತೋಟದ ನಡುವೆ ಕೆಂಪು ಅಂಕಣ: ಕೊಡಗಿನ ಒಂದು ವಸಂತ ಟೆನಿಸ್ ಶಿಬಿರದ ವಿಮರ್ಶೆ

ಮಡಿಕೇರಿಯಿಂದ ಸೋಮವಾರಪೇಟೆಯ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟವೊಂದರ ಮಧ್ಯದಲ್ಲಿ, ಕೊಯ್ಲು ಮುಗಿದು ಮುಂಗಾರು ಇನ್ನೂ ದೂರವಿರುವ ಅವಧಿಯಲ್ಲಿ ನಡೆಯುವ ಆವೆಮಣ್ಣಿನ ಟೆನಿಸ್ ಶಿಬಿರಕ್ಕೆ ಈ ಬಾರಿ ನಾನೂ ಸೇರಿಕೊಂಡಿದ್ದೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಶಿಬಿರದ ಹೆಸರನ್ನು ಬರೆಯುತ್ತಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವೇಳಾಪಟ್ಟಿ ಸಡಿಲವಾಗಿದೆ, ಮುಖ್ಯ ತರಬೇತುದಾರರ ಪಾಠ ಸಾಧಾರಣವಾಗಿದೆ, ಆದರೂ ಇಲ್ಲಿನ ಅಂಕಣ ಮತ್ತು ಅದನ್ನು ನೋಡಿಕೊಳ್ಳುವವರು ಕಲಿಸುವಷ್ಟನ್ನು ಬೇರೆ ಕಡೆ ದುಡ್ಡು ಕೊಟ್ಟರೂ ಕಲಿಯುವುದು ಕಷ್ಟ. ಸಿಮೆಂಟ್ ಅಂಕಣದಲ್ಲೇ ಆಡಿ ಬೆಳೆದವರು ಒಮ್ಮೆಯಾದರೂ ಬರಬೇಕು. ರ‍್ಯಾಕೆಟ್ ಹಿಡಿಯುವುದನ್ನು ಈಗಷ್ಟೇ ಕಲಿಯುತ್ತಿರುವವರು ಇಷ್ಟು ದೂರ ಬರುವ ಅಗತ್ಯವಿಲ್ಲ.

ನಮ್ಮ ಕಡೆಯ ಹೆಚ್ಚಿನ ಆಟಗಾರರು ಮಣ್ಣಿನ ಅಂಕಣವನ್ನು ಟಿವಿಯಲ್ಲಿ ನೋಡಿರುತ್ತಾರೆಯೇ ಹೊರತು ಕಾಲಿಟ್ಟು ಆಡಿರುವುದಿಲ್ಲ. ಸಿಮೆಂಟ್ ಅಥವಾ ಅಕ್ರಿಲಿಕ್ ಅಂಕಣವನ್ನು ಒಮ್ಮೆ ಹಾಕಿಸಿದರೆ ಗುಡಿಸಿಕೊಂಡಿದ್ದರೆ ಸಾಕು. ಮಣ್ಣಿನದಕ್ಕೆ ದಿನವೂ ನೀರು, ಆಳು, ರೋಲರ್ ಬೇಕು, ಮಳೆಗಾಲ ಮುಗಿದ ಮೇಲೆ ಮೇಲ್ಪದರವನ್ನು ಮತ್ತೆ ಹಾಕಬೇಕು. ಕೊಡಗಿನಂತಹ ಮಳೆನಾಡಿನಲ್ಲಿ ಇದು ಇನ್ನೂ ದುಬಾರಿ. ಆದುದರಿಂದ ಶಿಬಿರವನ್ನು ನಡೆಸುವವರು ಕಾಫಿ ಕೊಯ್ಲಿನ ಗಡಿಬಿಡಿ ಮುಗಿದು ಕಣ ಖಾಲಿಯಾಗುವ ಹೊತ್ತಿಗೆ, ಅಂದರೆ ಫೆಬ್ರುವರಿ ಕೊನೆಯಿಂದ, ಅಂಕಣಗಳನ್ನು ಸಜ್ಜುಗೊಳಿಸಿ ಏಪ್ರಿಲ್ ಮೊದಲ ಭಾಗದವರೆಗೆ ಆಡಿಸುತ್ತಾರೆ. ಯುರೋಪಿನಲ್ಲಿ ಮಾಂಟೆ ಕಾರ್ಲೊ, ಮ್ಯಾಡ್ರಿಡ್, ರೋಮ್ ದಾಟಿ ಮೇ ಕೊನೆಗೆ ಪ್ಯಾರಿಸ್ ತಲುಪುವ ಮಣ್ಣಿನ ಅಂಕಣದ ಋತು ಶುರುವಾಗುವ ಹೊತ್ತಿಗೆ ಇಲ್ಲಿನ ಋತು ಮುಗಿಯುತ್ತಾ ಬಂದಿರುತ್ತದೆ.

ಬೆಟ್ಟದ ಇಳಿಜಾರನ್ನು ಕಡಿದು ಸಮತಟ್ಟು ಮಾಡಿದ ಎರಡು ಹಂತಗಳಲ್ಲಿ ಎರಡು ಅಂಕಣಗಳಿವೆ. ಅವುಗಳ ನಡುವಿನ ವ್ಯತ್ಯಾಸವನ್ನು ಶುಲ್ಕ ಕಟ್ಟಿಸಿಕೊಳ್ಳುವಾಗ ಯಾರೂ ಹೇಳುವುದಿಲ್ಲ. ಮೇಲಿನ ಅಂಕಣವನ್ನು ಶ್ರದ್ಧೆಯಿಂದ ಕಟ್ಟಿದ್ದಾರೆ. ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ನಡೆಯುವ ರೋಲಂಡ್ ಗ್ಯಾರೋಸ್‌ನ ಅಂಕಣಗಳಲ್ಲಿ ಕಣ್ಣಿಗೆ ಕಾಣುವ ಕೆಂಪು ಇಟ್ಟಿಗೆ ಪುಡಿಯ ಪದರ ಕೇವಲ ಒಂದೆರಡು ಮಿಲಿಮೀಟರ್ ದಪ್ಪವಿದ್ದು, ಅದರಡಿಯಲ್ಲಿ ತೇವವನ್ನು ಹಿಡಿದಿಡುವ ಸುಣ್ಣಕಲ್ಲಿನ ಪುಡಿ, ಅದರ ಕೆಳಗೆ ಕಲ್ಲಿದ್ದಲಿನ ಕಿಟ್ಟ, ಆಮೇಲೆ ಜಲ್ಲಿ, ಬುಡದಲ್ಲಿ ದಪ್ಪ ಕಲ್ಲು ಎಂಬ ಕ್ರಮವಿದೆ. ಇಲ್ಲಿ ಕಿಟ್ಟದ ಪದರವಿಲ್ಲ. ದಪ್ಪ ಕಲ್ಲು, ಜಲ್ಲಿ, ಗರಸು, ಮೇಲೆ ಜರಡಿ ಹಿಡಿದ ಇಟ್ಟಿಗೆ ಪುಡಿ ಇಷ್ಟೇ. ಆದರೂ ಚೆಂಡು ಪುಟಿಯುವ ರೀತಿ ಅಂಕಣದ ಉದ್ದಗಲಕ್ಕೂ ಒಂದೇ ಸಮನಾಗಿದೆ, ಮಣ್ಣಿನ ಅಂಕಣದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಕೇಳಬೇಕಾಗಿಲ್ಲ.

ಕೆಳಗಿನ ಅಂಕಣ ಬೇರೆಯೇ ಕಥೆ. ಅದು ಅಲ್ಲಿನದೇ ಕೆಂಪು ಮಣ್ಣಿಗೆ ಗರಸು ಬೆರೆಸಿ ಗಟ್ಟಿಮಾಡಿದ ಅಂಕಣ. ಬೆಳಗಿನ ಮತ್ತು ಸಂಜೆಯ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯದಿರಲೆಂದು ಟೆನಿಸ್ ಅಂಕಣವನ್ನು ಉತ್ತರ ದಕ್ಷಿಣವಾಗಿ ಹಾಕುವುದು ರೂಢಿ. ಇಳಿಜಾರಿನ ಅನುಕೂಲಕ್ಕಾಗಿ ಇದನ್ನು ಪೂರ್ವ ಪಶ್ಚಿಮವಾಗಿ ಹಾಕಿದ್ದಾರೆ, ಹೀಗಾಗಿ ಬೆಳಗಿನ ತರಬೇತಿಯಲ್ಲಿ ಒಂದು ತುದಿಯಿಂದ ಸರ್ವ್ ಮಾಡುವವರು ಚೆಂಡನ್ನು ಸೂರ್ಯನೊಳಕ್ಕೇ ಎಸೆಯುತ್ತಾರೆ. ಅಂಚಿನಲ್ಲಿರುವ ಸಿಲ್ವರ್ ಓಕ್ ಮರಗಳ ನೆರಳಿನಿಂದಾಗಿ ಅರ್ಧ ಅಂಕಣ ಹತ್ತು ಗಂಟೆಯವರೆಗೂ ಇಬ್ಬನಿಯ ತೇವದಲ್ಲಿ ಮೆತ್ತಗಿರುತ್ತದೆ, ಉಳಿದರ್ಧ ಒಣಗಿ ಚೆಂಡು ಭುಜದ ಎತ್ತರಕ್ಕೆ ಏಳುತ್ತದೆ. ಬೇಸ್‌ಲೈನಿನ, ಅಂದರೆ ಅಂಕಣದ ಕೊನೆಯ ಗೆರೆಯ, ಹಿಂದಿನ ಜಾಗವೂ ಸಾಲದು. ಮನರಂಜನೆಯ ಆಟಕ್ಕೆ ಕನಿಷ್ಠ 5.48 ಮೀಟರ್, ದೊಡ್ಡ ಪಂದ್ಯಗಳಿಗೆ 6.40 ಮೀಟರ್ ಜಾಗವಿರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ಮಣ್ಣಿನ ಅಂಕಣದಲ್ಲಿ ಎತ್ತರಕ್ಕೇಳುವ ಚೆಂಡಿಗಾಗಿ ಹಿಂದೆ ಸರಿದು ನಿಲ್ಲಬೇಕಾಗುವುದರಿಂದ ಆ ಜಾಗ ಇನ್ನೂ ಮುಖ್ಯ. ಇಲ್ಲಿ ನಾಲ್ಕು ಹೆಜ್ಜೆ ಹಿಂದಿಟ್ಟರೆ ಬೆನ್ನಿಗೆ ಬಲೆ ತಾಗುತ್ತದೆ, ಬಲೆಯ ಆಚೆ ಕಾಫಿ ಗಿಡಗಳು. ತೂತುಬಿದ್ದ ಬಲೆಯಿಂದ ಹಾರಿಹೋದ ಚೆಂಡುಗಳನ್ನು ಹುಡುಕಲು ಹೋದವರು ಬರಿಗೈಯಲ್ಲಿ ಮರಳುವುದೇ ಹೆಚ್ಚು. ಶಿಬಿರಕ್ಕೆ ಸೇರುವವರು ತಮಗೆ ಯಾವ ಅಂಕಣ ಸಿಗುತ್ತದೆ, ಪ್ರತಿದಿನ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ತಂಡಕ್ಕೆ ಮೊದಲಿಗೆ ಕೆಳಗಿನದೇ ಸಿಕ್ಕಿತ್ತು. ಕೇಳಿದ ಮೇಲಷ್ಟೇ ಸರದಿ ಮಾಡಿದರು.

ಅಂಕಣಗಳನ್ನು ನೋಡಿಕೊಳ್ಳುವವರು ತೋಟದ ಹಳೆಯ ಕೆಲಸಗಾರರೊಬ್ಬರು. ಮಕ್ಕಳಿಂದ ಹಿಡಿದು ಮುಖ್ಯ ತರಬೇತುದಾರರವರೆಗೆ ಎಲ್ಲರೂ ಅವರನ್ನು ತಾತ ಎಂದೇ ಕರೆಯುತ್ತಾರೆ. ಈ ಶಿಬಿರದಲ್ಲಿ ನಿಜವಾಗಿ ಎಲ್ಲವನ್ನೂ ತೀರ್ಮಾನಿಸುವವರು ಅವರೇ ಎಂಬುದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಬೆಳಿಗ್ಗೆ ಅವರು ಅಂಕಣಕ್ಕಿಳಿದು ಅಲ್ಲಲ್ಲಿ ಹಿಮ್ಮಡಿ ಊರಿ ನೋಡುತ್ತಾರೆ. ಮಣ್ಣು ಹಿಮ್ಮಡಿಗೆ ಅಂಟಿಕೊಂಡು ಬಂದರೆ ರೋಲರ್ ಇಳಿಸುವಂತಿಲ್ಲ. ಅಂಚು ಪುಡಿಪುಡಿಯಾಗಿ ಕುಸಿದರೆ ಇನ್ನೊಮ್ಮೆ ನೀರು ಚಿಮುಕಿಸಬೇಕು. ಅಂಟದೆ, ಕುಸಿಯದೆ, ಹಿಮ್ಮಡಿಯ ಅಚ್ಚು ಮಾತ್ರ ಸ್ಪಷ್ಟವಾಗಿ ಉಳಿದರೆ ಆಗ ರೋಲರ್. ಆಟಕ್ಕೆ ಅವಸರ ಮಾಡಿದ ನಮಗೆ ಅವರು ಕೊಟ್ಟ ಉತ್ತರ ಒಂದೇ: "ಈಗ ಉರುಳಿಸಿದ್ರೆ ಮಣ್ಣೆಲ್ಲ ರೋಲರಿಗೇ ಬರ್ತದೆ ಸಾರ್, ಇನ್ನರ್ಧ ಗಂಟೆ ತಡೀರಿ." ಆ ಅರ್ಧ ಗಂಟೆ ಎಲ್ಲರೂ ಕಾಫಿ ಕಣದಲ್ಲಿ ಓಟ, ಜಿಗಿತ, ಹಗ್ಗದಾಟ ಮಾಡಬೇಕು, ವೇಳಾಪಟ್ಟಿಯಲ್ಲಿ ಅದಕ್ಕೆ ದೈಹಿಕ ಸಿದ್ಧತೆ ಎಂದು ಹೆಸರು.

ಪ್ರತಿ ಆಟದ ಕೊನೆಗೆ ಶಿಬಿರಾರ್ಥಿಗಳೇ ಅಂಕಣವನ್ನು ಎಳೆಯಬೇಕೆಂಬುದು ಇಲ್ಲಿನ ಕಡ್ಡಾಯ ನಿಯಮ. ಕಟ್ಟಿಗೆಗೆ ಬಿಗಿದ ಗೋಣಿತಾಟನ್ನು ಹೊರಗಿನಿಂದ ಒಳಕ್ಕೆ ಸುತ್ತುಸುತ್ತಾಗಿ ಎಳೆಯುತ್ತಾ ಬಂದು, ಕೊನೆಗೆ ಸುಣ್ಣದ ಗೆರೆಗಳನ್ನು ಪೊರಕೆಯಿಂದ ಗುಡಿಸಬೇಕು. ಹಣ ಕೊಟ್ಟು ಬಂದವರಿಗೆ ಕೂಲಿ ಕೆಲಸವೇ ಎಂದು ಬೆಂಗಳೂರಿನಿಂದ ಬಂದ ಒಬ್ಬರು ಗೊಣಗಿದ್ದುಂಟು. ನನಗನಿಸಿದ ಮಟ್ಟಿಗೆ ಇದು ಶಿಬಿರದ ಅತ್ಯುತ್ತಮ ಪಾಠ. ಎಳೆಯುವ ಮೊದಲು ತಾತ ನಮ್ಮನ್ನು ಒಂದು ಕ್ಷಣ ನಿಲ್ಲಿಸಿ ಹೆಜ್ಜೆ ಗುರುತುಗಳನ್ನು ತೋರಿಸುತ್ತಾರೆ. ಒಂದು ಗಂಟೆ ಆಡಿದ ಮೇಲೆ ನನ್ನ ಕಡೆಯ ಅಂಕಣದಲ್ಲಿ ಬೇಸ್‌ಲೈನಿನ ನಡುವೆ ಮತ್ತು ಎಡಮೂಲೆಯಲ್ಲಿ ಮಣ್ಣು ಉತ್ತ ಹಾಗೆ ಕೆದರಿಹೋಗಿತ್ತು; ಸರ್ವಿಸ್ ಗೆರೆಯಿಂದ ಮುಂದಕ್ಕೆ ಒಂದೇ ಒಂದು ಹೆಜ್ಜೆ ಇರಲಿಲ್ಲ. ಬ್ಯಾಕ್‌ಹ್ಯಾಂಡ್ ಬಂದಾಗಲೆಲ್ಲ ಸುತ್ತಿಬಳಸಿ ಫೋರ್‌ಹ್ಯಾಂಡ್ ಹೊಡೆಯುವ ಚಾಳಿಯನ್ನೂ ನೆಟ್ ಬಳಿಗೆ ಹೋಗುವ ಅಳುಕನ್ನೂ ಯಾವ ತರಬೇತುದಾರರೂ ಅಷ್ಟು ಖಂಡಿತವಾಗಿ ಹೇಳಿರಲಿಲ್ಲ.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಮಣ್ಣಿನ ಅಂಕಣಕ್ಕೆ ನೀರೇ ಪ್ರಾಣ. ಮಧ್ಯಾಹ್ನದ ಬಿಸಿಲಿಗೆ ಒಣಗಿದರೆ ಮೇಲಿನ ಪುಡಿ ಗಾಳಿಗೆ ಹಾರಿ, ಕೆಳಗಿನ ಗಟ್ಟಿ ಪದರ ಬಯಲಾಗಿ, ಜಾರುವ ಕಾಲು ಏಕಾಏಕಿ ಕಚ್ಚಿಕೊಂಡು ನಿಲ್ಲುತ್ತದೆ. ಅದರಿಂದ ಕಣಕಾಲು ಉಳುಕುವ ಅಪಾಯವಿದೆ. ಆದರೆ ಈ ತೋಟದಲ್ಲಿ ಅಂಕಣಕ್ಕೂ ಕಾಫಿಗೂ ಕೆರೆ ಒಂದೇ, ಪಂಪ್‌ಸೆಟ್ಟೂ ಒಂದೇ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ಎಂಬ ಬಗೆಯ ಕಾಫಿ ಬೆಳೆಯುವವರು ಸ್ಪ್ರಿಂಕ್ಲರ್ ಹಾಕಿ ಗಿಡಕ್ಕೆ ಸುಮಾರು ಒಂದು ಇಂಚು ಮಳೆಯಷ್ಟು ನೀರು ಕೊಡಲೇಬೇಕು; ಮೊಗ್ಗು ಅರಳುವುದು, ವರ್ಷದ ಫಸಲು ನಿಲ್ಲುವುದು ಅದರ ಮೇಲೆ. ಹಾಗಾಗಿ ಸ್ಪ್ರಿಂಕ್ಲರ್ ಶುರುವಾದ ದಿನಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅಂಕಣಕ್ಕೆ ಬರಬೇಕಾದ ನೀರು ಬರಲಿಲ್ಲ. ಜೆಟ್‌ಗಳು ಪಕ್ಕದ ಬ್ಲಾಕಿನಲ್ಲಿ ಸುತ್ತುತ್ತಾ ಕಾಫಿ ಗಿಡಗಳನ್ನು ತೋಯಿಸುತ್ತಿದ್ದರೆ, ನಾವು ಧೂಳೆದ್ದ ಅಂಕಣದ ಬದಿಯಲ್ಲಿ ಕಾಯುತ್ತಿದ್ದೆವು. ಕಾಫಿ ಬೆಳೆಯುವವರ ಮನೆಯಲ್ಲಿ ಕಾಫಿಗೆ ಮೊದಲ ಪಾಲು ಎಂಬುದನ್ನು ತಪ್ಪೆನ್ನಲಾರೆ. ಆದರೆ ಈ ಋತುವಿನಲ್ಲಿ ನೀರಿಗೆ ಪೈಪೋಟಿ ಇರುತ್ತದೆಂಬುದು ಮೊದಲೇ ತಿಳಿದಿದ್ದ ಮೇಲೆ ಅಂಕಣಕ್ಕೊಂದು ಪ್ರತ್ಯೇಕ ತೊಟ್ಟಿ ಕಟ್ಟಿಸಿ ರಾತ್ರಿ ತುಂಬಿಸಿಟ್ಟುಕೊಳ್ಳುವುದು ಅಸಾಧ್ಯವಾದ ಕೆಲಸವೇನಲ್ಲ.

ಅದರ ಮೇಲೆ, ಸ್ಪ್ರಿಂಕ್ಲರ್ ಮುಗಿಯುವ ಹೊತ್ತಿಗೆ ಸರಿಯಾಗಿ ಸಂಜೆ ಗುಡುಗಿ ಮಳೆಯೂ ಸುರಿಯಿತು. ತೋಟದವರು ಮಳೆಮಾಪಕ ನೋಡಿ ಎಂಬತ್ತು ಸೆಂಟು (ಇಂಚಿನ ನೂರರಲ್ಲಿ ಎಂಬತ್ತು ಭಾಗ) ಎಂದು ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದರು. ನಮ್ಮ ಮೇಲಿನ ಅಂಕಣದ ಮೇಲೆ ಹೊದಿಸಲು ಟಾರ್ಪಾಲು ಇರಲಿಲ್ಲ, ಇದ್ದದ್ದು ಕಾಫಿ ಬೀಜದ ರಾಶಿಗೆ ಹೊದಿಸಲು ಹೋಗಿತ್ತು. ಮರುದಿನ ಆಟವಿಲ್ಲ. ಅದಕ್ಕೆ ಬದಲಾಗಿ ಒಂದು ದಿನ ಹೆಚ್ಚಿಗೆ ಕೊಡುವುದಾಗಲಿ ಹಣ ಮರಳಿಸುವುದಾಗಲಿ ಆಗಲಿಲ್ಲ, ಮಳೆ ದೇವರ ಕೈಯಲ್ಲಿದೆ ಎಂಬ ಉತ್ತರ ಮಾತ್ರ ಸಿಕ್ಕಿತು. ಟಾರ್ಪಾಲು ಮನುಷ್ಯರ ಕೈಯಲ್ಲಿರುವ ವಸ್ತುವೆಂದು ಹೇಳಬೇಕೆನಿಸಿತ್ತು. ಅದಾದ ಸುಮಾರು ವಾರದ ಮೇಲೆ ತೋಟವಿಡೀ ಬೆಳ್ಳಗೆ ಹೂ ಬಿಟ್ಟು ಮಲ್ಲಿಗೆಯಂಥ ಪರಿಮಳ ಅಂಕಣದವರೆಗೂ ಬಂತೆಂಬುದನ್ನು ನ್ಯಾಯಕ್ಕಾಗಿ ಸೇರಿಸುತ್ತೇನೆ, ಜೊತೆಗೆ ಜೇನುನೊಣಗಳೂ ಬಂದವೆಂಬುದನ್ನು.

ತರಬೇತಿಯ ವಿಷಯಕ್ಕೆ ಬಂದರೆ, ಇಬ್ಬರು ಮಾರ್ಕರ್‌ಗಳನ್ನು, ಅಂದರೆ ಅಭ್ಯಾಸಕ್ಕೆ ಜೊತೆಯಾಗಿ ಆಡಿಸುವವರನ್ನು, ಎಷ್ಟು ಹೊಗಳಿದರೂ ಕಡಿಮೆಯೇ. ಇಬ್ಬರೂ ಆ ಸುತ್ತಿನ ಊರಿನ ಯುವಕರು, ಎದುರಿಗೆ ನಿಂತು ಗಂಟೆಗಟ್ಟಲೆ ಒಂದೇ ಆಳಕ್ಕೆ, ಒಂದೇ ಎತ್ತರಕ್ಕೆ ಚೆಂಡು ಹೊಡೆದುಕೊಡಬಲ್ಲವರು. ಮಣ್ಣಿನ ಅಂಕಣದಲ್ಲಿ ಜಾರುವುದನ್ನು ನನಗೆ ಕಲಿಸಿದವರು ಅವರೇ. ಸಿಮೆಂಟಿನ ಮೇಲೆ ಆಡಿದವರು ಚೆಂಡಿನ ಬಳಿ ಓಡಿ, ನಿಂತು, ಹೊಡೆಯುತ್ತಾರೆ. ಇಲ್ಲಿ ಹಾಗೆ ನಿಲ್ಲಲು ಹೋದರೆ ಹೊಡೆದ ಮೇಲೆ ಕಾಲು ಜಾರಿ, ಅಂಕಣದ ಮಧ್ಯಕ್ಕೆ ಮರಳುವುದರೊಳಗೆ ಮುಂದಿನ ಚೆಂಡು ದಾಟಿಹೋಗಿರುತ್ತದೆ. ಕೊನೆಯ ಹೆಜ್ಜೆಯಲ್ಲಿ ಹೊರಗಿನ ಪಾದವನ್ನು ಚಾಚಿ, ಮಂಡಿ ಬಾಗಿಸಿ, ಜಾರುತ್ತಾ ಬಂದು, ಜಾರುವಿಕೆ ಮುಗಿಯುವ ಗಳಿಗೆಗೇ ರ‍್ಯಾಕೆಟ್ಟು ಚೆಂಡಿಗೆ ತಾಗಬೇಕು. ಮಾರ್ಕರ್ ತನ್ನ ರ‍್ಯಾಕೆಟ್ಟಿನ ಹಿಡಿಯಿಂದ ಮಣ್ಣಿನ ಮೇಲೆ ಅಡ್ಡಗೆರೆ ಎಳೆದು, ಚೆಂಡೇ ಇಲ್ಲದೆ ಅಲ್ಲಿಯವರೆಗೆ ಜಾರಿ ನಿಲ್ಲಲು ಹೇಳುತ್ತಾರೆ. ಆಮೇಲೆ ಆಟಗಾರರ ಮುಖ ನೋಡುವುದಿಲ್ಲ, ಬಗ್ಗಿ ನೆಲದ ಗೀರನ್ನು ನೋಡುತ್ತಾರೆ. ಸರಿಯಾಗಿ ಜಾರಿದ ಗೀರು ಉದ್ದವಾಗಿ, ಒಂದೇ ಅಗಲವಾಗಿ ಸಾಗಿ ಕೊನೆಗೆ ತೆಳುವಾಗಿ ಮುಗಿಯುತ್ತದೆ; ಹೆದರಿ ಕಾಲು ಊರಿದವರ ಗೀರು ಗಿಡ್ಡವಾಗಿದ್ದು ತುದಿಯಲ್ಲಿ ಮಣ್ಣು ಗುಪ್ಪೆಯಾಗಿರುತ್ತದೆ. "ಅಕ್ಕಾ, ಇಲ್ಲಿ ಬ್ರೇಕ್ ಹಾಕಿದ್ದೀರಿ ನೋಡಿ" ಎಂದು ಪಕ್ಕದವರಿಗೆ ಗುಪ್ಪೆಯನ್ನು ತೋರಿಸುತ್ತಿದ್ದ ಅವರು ನನ್ನ ಗೀರಿನ ಬಳಿ ಏನೂ ಹೇಳದೆ ತಲೆಯಾಡಿಸಿ ಮುಂದೆ ಹೋದದ್ದೇ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ.

ಮುಖ್ಯ ತರಬೇತುದಾರರು ಅನುಭವಿಗಳು, ಮಾತು ಚೆನ್ನಾಗಿದೆ, ಆದರೆ ಅಂಕಣದಲ್ಲಿ ಸಿಗುವುದು ಕಡಿಮೆ. ಸಿಕ್ಕಾಗ ಹೇಳಿದ ಒಂದೆರಡು ವಿಷಯಗಳು ಉಪಯುಕ್ತವಾಗಿದ್ದವು. ಮಣ್ಣಿನ ಕಣಗಳಿಂದಾಗಿ ಘರ್ಷಣೆ ಹೆಚ್ಚಿರುವುದರಿಂದ ಪುಟಿದ ಚೆಂಡು ಮುಂದಕ್ಕೆ ಹೋಗುವ ವೇಗವನ್ನು ಕಳೆದುಕೊಂಡು ಮೇಲಕ್ಕೇಳುತ್ತದೆ. ಸಿಮೆಂಟಿನ ಮೇಲೆ ಏಸ್ ಆಗುವ, ಅಂದರೆ ಎದುರಾಳಿಗೆ ತಾಗಲೂ ಸಿಗದ, ಸರ್ವ್ ಇಲ್ಲಿ ಎದುರಾಳಿಗೆ ಆರಾಮವಾಗಿ ಸಿಗುತ್ತದೆ. ಹೀಗಾಗಿ ಒಂದೇ ಹೊಡೆತಕ್ಕೆ ಅಂಕ ಮುಗಿಸುವ ಆಸೆ ಬಿಟ್ಟು, ಚೆಂಡಿಗೆ ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ತಿರುಗು) ಹಾಕಿ ಆಳಕ್ಕೆ ಕಳಿಸಿ, ಎದುರಾಳಿಯನ್ನು ಹಿಂದಕ್ಕೆ ತಳ್ಳಿ, ಆಮೇಲೆ ನೆಟ್ ಬಳಿಯೇ ಮೆಲ್ಲಗೆ ಬೀಳುವ ಡ್ರಾಪ್ ಶಾಟ್ ಅಥವಾ ಅಗಲದ ಕೋನ ಹುಡುಕಬೇಕು. ರಾಫೆಲ್ ನಡಾಲ್ 2005ರಿಂದ 2022ರ ನಡುವೆ ಪ್ಯಾರಿಸ್‌ನಲ್ಲಿ 14 ಬಾರಿ ಪ್ರಶಸ್ತಿ ಗೆದ್ದದ್ದರ ಹಿಂದೆ ಇದ್ದ ಲೆಕ್ಕಾಚಾರವೂ ಇದೇ. ಇದಕ್ಕೆ ಕೊಡಗಿನ ಎತ್ತರ ಸೇರಿದಾಗ ಇನ್ನೊಂದು ತೊಡಕಿದೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಗಾಳಿ ತೆಳುವಾಗಿ ಚೆಂಡು ಹೆಚ್ಚು ದೂರ ಹಾರುತ್ತದೆ. ಸುಮಾರು 650 ಮೀಟರ್ ಎತ್ತರದ ಮ್ಯಾಡ್ರಿಡ್‌ನ ಮಣ್ಣಿನ ಅಂಕಣವೇ ಪ್ಯಾರಿಸ್‌ಗಿಂತ ಚುರುಕಾಗಿ ಆಡುತ್ತದೆಂದು ಆಟಗಾರರು ಹೇಳುವುದುಂಟು, ಇಲ್ಲಿ ಅದಕ್ಕಿಂತಲೂ ಎತ್ತರದಲ್ಲಿದ್ದೇವೆ. ನಿಯಮದ ಪ್ರಕಾರ ಎತ್ತರದ ಪ್ರದೇಶಕ್ಕೆಂದು ಬೇರೆ ಬಗೆಯ ಚೆಂಡು ಬಳಸುವುದು 1,219 ಮೀಟರ್‌ಗಿಂತ ಮೇಲೆ. ಮಡಿಕೇರಿಯ ಸುತ್ತಿನ ತೋಟಗಳು ಹೆಚ್ಚಾಗಿ ಆ ಗಡಿಯ ಕೆಳಗೇ ಉಳಿಯುವುದರಿಂದ ಮಾಮೂಲಿ ಚೆಂಡಿನಲ್ಲೇ ಆಡಬೇಕು. ಮೊದಲ ದಿನ ಎಲ್ಲರ ಫೋರ್‌ಹ್ಯಾಂಡೂ ಗೆರೆಯಾಚೆ ಬೀಳುತ್ತದೆ. ಬೆಳಿಗ್ಗೆ ತೇವ ಹೀರಿ ಭಾರವಾದ ಚೆಂಡು ಮಧ್ಯಾಹ್ನಕ್ಕೆ ಹಗುರಾಗಿ ಹಾರತೊಡಗಿದಾಗ ಎರಡನೆಯ ಸಲ ಹೊಂದಿಕೊಳ್ಳಬೇಕು.

ಗುರುತು ಓದುವ ಪಾಠವೂ ಇಷ್ಟವಾಯಿತು. ಮಣ್ಣಿನ ಮೇಲೆ ಚೆಂಡು ಬಿದ್ದ ಗುರುತು ಉಳಿಯುತ್ತದೆ. ನೇರವಾಗಿ ಬಿದ್ದದ್ದು ದುಂಡಗೆ, ರಭಸದ ಸರ್ವ್ ಉದ್ದನೆಯ ಬಾಲದೊಂದಿಗೆ ಕಾಣುತ್ತದೆ, ಗುರುತಿನ ಅಂಚು ಗೆರೆಗೆ ತಾಗಿದ್ದರೂ ಚೆಂಡು ಒಳಗೇ. 2025ರಲ್ಲಿ ವಿಂಬಲ್ಡನ್ ಗೆರೆ ನೋಡುವವರನ್ನು ಬಿಟ್ಟು ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಹೋದರೂ ಅದೇ ವರ್ಷ ರೋಲಂಡ್ ಗ್ಯಾರೋಸ್ ಅವರನ್ನು ಉಳಿಸಿಕೊಂಡಿತ್ತು, ಅಂಪೈರ್ ಕುರ್ಚಿಯಿಂದಿಳಿದು ಬಂದು ಗುರುತು ನೋಡುವ ಪದ್ಧತಿಯೂ ಅಲ್ಲಿ ಉಳಿದಿತ್ತು. ಶಿಬಿರದಲ್ಲಿ ಎದುರಾಳಿಯ ಗುರುತನ್ನು ಅಳಿಸುವ ಮೊದಲು ಇಬ್ಬರೂ ಒಪ್ಪಬೇಕು. ಮಕ್ಕಳು ಇದನ್ನು ದೊಡ್ಡವರಿಗಿಂತ ಪ್ರಾಮಾಣಿಕವಾಗಿ ಪಾಲಿಸುತ್ತಿದ್ದರು.

ಮಕ್ಕಳ ತಂಡದಲ್ಲಿ ಹೆಚ್ಚಿನವರು ಹಾಕಿ ಆಡಿಕೊಂಡು ಬಂದವರು. 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತಿರುವ ಜಿಲ್ಲೆಯಲ್ಲಿ ಇದು ಸಹಜ. ಅವರಿಗೆ ಮಂಡಿ ಬಾಗಿಸಿ ಕೆಳಗೆ ಇಳಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ; ಮಣಿಕಟ್ಟಿನಿಂದಲೇ ಚೆಂಡನ್ನು ತಳ್ಳುವ ಅಭ್ಯಾಸವನ್ನು ಬಿಡಿಸುವುದಕ್ಕೆ ಮಾತ್ರ ಮಾರ್ಕರ್‌ಗಳು ಹೆಣಗುತ್ತಿದ್ದರು. ಊಟದ ಕೋಣೆಯ ಗೋಡೆಯಲ್ಲಿ ರೋಹನ್ ಬೋಪಣ್ಣ ಅವರ ಚಿತ್ರವಿದೆ. ಕೊಡಗಿನ ಬೋಪಣ್ಣ ತಮ್ಮ ಮೊದಲ ಗ್ರ್ಯಾಂಡ್‌ಸ್ಲಾಂ ಪ್ರಶಸ್ತಿಯನ್ನು ಗೆದ್ದದ್ದು ಮಣ್ಣಿನ ಅಂಕಣದಲ್ಲೇ, 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ, ಕೆನಡಾದ ಗ್ಯಾಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆಗೂಡಿ. ಆ ಫೈನಲ್‌ನ ನಿರ್ಣಾಯಕ ಟೈಬ್ರೇಕರ್‌ನಲ್ಲಿ ಸೋಲಿನ ಅಂಚಿನಿಂದ ಪಾರಾಗಿ 12-10ರಿಂದ ಗೆದ್ದಿದ್ದರು. 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ ಎಂಬುದನ್ನು ನಮ್ಮ ವಯಸ್ಸಿನ ಶಿಬಿರಾರ್ಥಿಗಳು ಪರಸ್ಪರ ನೆನಪಿಸಿಕೊಳ್ಳುತ್ತಿದ್ದುದು ಮಂಡಿನೋವಿಗೆ ಔಷಧವಾಗಿ.

ವಸತಿ ಸರಳವಾಗಿದೆ, ಸ್ವಚ್ಛವಾಗಿದೆ. ಬಿಸಿನೀರು ಹಂಡೆಯದು, ಬೇಕಾದಷ್ಟು ಸಿಗುತ್ತದೆ. ಬಟ್ಟೆಯಿಂದ ಕೆಂಪು ಪುಡಿ ಹೋಗಬೇಕಾದರೆ ಅದು ಬೇಕೇ ಬೇಕು, ಬಿಳಿ ಸಾಕ್ಸ್ ತರುವ ಯೋಚನೆ ಬಿಡಿ. ಬೆಳಗಿನ ತಿಂಡಿಗೆ ಪಾಪುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿ ಬಹಳ ಚೆನ್ನಾಗಿವೆ. ಮಧ್ಯಾಹ್ನ ಕಡಂಬುಟ್ಟು, ಹಂದಿ ಕರಿ ಹೊಟ್ಟೆ ತುಂಬ ಬಡಿಸಿ ಮೂರು ಗಂಟೆಗೆ ಓಡಲು ಕರೆಯುವುದು ಮಾತ್ರ ಯಾರ ಯೋಜನೆಯೋ ತಿಳಿಯದು. ಅದನ್ನು ರಾತ್ರಿಗೆ ಇಟ್ಟುಕೊಂಡರೆ ಎಲ್ಲರಿಗೂ ಒಳ್ಳೆಯದು.

ಶುಲ್ಕ ಕಡಿಮೆಯೇನಲ್ಲ. ಅದರಲ್ಲಿ ಊಟ, ವಸತಿ, ಚೆಂಡು ಸೇರಿವೆ. ರ‍್ಯಾಕೆಟ್ಟಿನ ತಂತಿ ಸೇರಿಲ್ಲ. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ, ಏಕೆಂದರೆ ಇಟ್ಟಿಗೆ ಪುಡಿ ತಂತಿಗಳ ನಡುವೆ ಸೇರಿ ಉಪ್ಪುಕಾಗದದ ಕೆಲಸ ಮಾಡುವುದರಿಂದ ತಂತಿಗಳು ಸಿಮೆಂಟಿನ ಮೇಲಿಗಿಂತ ಬೇಗ ತುಂಡಾಗುತ್ತವೆ, ಶಿಬಿರದಲ್ಲಿ ತಂತಿ ಕಟ್ಟುವ ಯಂತ್ರವಿಲ್ಲ, ಒಬ್ಬರ ರ‍್ಯಾಕೆಟ್ಟನ್ನು ಬಸ್ಸಿನಲ್ಲಿ ಮೈಸೂರಿಗೆ ಕಳಿಸಿ ತರಿಸಬೇಕಾಯಿತು. ಎರಡು ರ‍್ಯಾಕೆಟ್ ತನ್ನಿ. ಬೂಟಿನ ವಿಷಯದಲ್ಲೂ ಜಿಪುಣತನ ಬೇಡ: ತಳದುದ್ದಕ್ಕೂ ಅಂಕುಡೊಂಕಾದ ಆಳದ ಗೀರುಗಳಿರುವ ಬೂಟಿದ್ದರೆ ಹಿಡಿತವೂ ಸಿಗುತ್ತದೆ, ಮಣ್ಣೂ ಕಳಚಿ ಬೀಳುತ್ತದೆ, ಸವೆದ ಓಟದ ಬೂಟಿನಲ್ಲಿ ಬಂದ ಇಬ್ಬರು ಮೊದಲ ದಿನವೇ ಮೊಣಕೈ ತರಚಿಕೊಂಡರು.

ಮುಂದಿನ ವರ್ಷ ಹೋಗುವವರು ಫೆಬ್ರುವರಿ ಕೊನೆಯ ತಂಡಕ್ಕೆ ಸೇರುವುದು ಮೇಲು. ಆಗ ಗುಡುಗುಮಳೆಯ ಭಯ ಕಡಿಮೆ, ಬೆಳಗಿನ ಚಳಿ ಮಾತ್ರ ಸಹಿಸಬೇಕು. ಮಾರ್ಚ್‌ನಲ್ಲೇ ಹೋಗಬೇಕಾದವರು ಹಣ ಕಟ್ಟುವ ಮೊದಲು ಆ ವಾರ ತೋಟದಲ್ಲಿ ಸ್ಪ್ರಿಂಕ್ಲರ್ ಓಡುತ್ತದೆಯೇ, ಮಳೆಯಾದರೆ ಆಡದ ದಿನದ ಹಣಕ್ಕೆ ಏನು ವ್ಯವಸ್ಥೆ, ಮೇಲಿನ ಅಂಕಣಕ್ಕೆ ಟಾರ್ಪಾಲು ಬಂದಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕಚೇರಿಯವರಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.